ಮೆಚ್ಚಿನ ಬೋರ್ಡ್ ಆಟಗಳ ಪಟ್ಟಿ ಹಾಕಿ: ಯಾವುದು ಏರಿತು, ಯಾವುದು ಇಳಿಯಿತು?

ತೋಟದ ಮನೆ, ಸಕಲೇಶಪುರ

ನನ್ನ ಈಗಿನ ಪಟ್ಟಿ, ಇದೇ ಕ್ರಮದಲ್ಲಿ: ಚೌಕಾಬಾರ, ಕಾರ್ಕಾಸೋನ್, ಅಜುಲ್, ಕ್ಯಾರಂ, ಹುಲಿ-ಕುರಿ, ಚದುರಂಗ, ಕಟಾನ್. ಕಾರ್ಕಾಸೋನ್, ಅಜುಲ್, ಕಟಾನ್ ಪೆಟ್ಟಿಗೆಯಲ್ಲಿ ಬರುವ ವಿದೇಶಿ ಆಟಗಳು: ಮೊದಲನೆಯದು ರಟ್ಟಿನ ತುಂಡು ಜೋಡಿಸುವುದು, ಎರಡನೆಯದು ಬಣ್ಣದ ಹೆಂಚು ಆರಿಸುವುದು, ಮೂರನೆಯದು ಊರು ಕಟ್ಟಿ ಸರಕು ಚೌಕಾಸಿ ಮಾಡುವುದು.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗಿನ ಪಟ್ಟಿಯೇ ಬೇರೆ. ಆಗ ಚದುರಂಗ ಎಲ್ಲಕ್ಕಿಂತ ಮೇಲೆ, ಅದರ ಬೆನ್ನಿಗೆ ಕೈಗಾರಿಕೆ ಕಟ್ಟುವ ದೊಡ್ಡ ಆಟ ಬ್ರಾಸ್ ಬರ್ಮಿಂಗ್‌ಹ್ಯಾಮ್, ಆಮೇಲೆ ಕಟಾನ್. ಚೌಕಾಬಾರಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಆಟದಲ್ಲಿ ಅದೃಷ್ಟದ ಪಾಲು ಎಷ್ಟು ಕಡಿಮೆಯೋ ಆಟ ಅಷ್ಟು ಶ್ರೇಷ್ಠ ಎಂಬುದೊಂದೇ ಅಂದಿನ ನನ್ನ ಅಳತೆಗೋಲು. ದಾಳ ಉರುಳಿಸಿ ಗೆದ್ದವನನ್ನು ಗೆದ್ದವನೆಂದು ಒಪ್ಪುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ತೋಟಕ್ಕೆ ವಾಪಸು ಬಂದ ಮೇಲೆ ಮಳೆಗಾಲದ ಸಂಜೆಗಳಲ್ಲಿ ಆಡುವವರು ಯಾರೆಂದರೆ ಅಮ್ಮ, ಚಿಕ್ಕಮ್ಮ, ಹತ್ತನೇ ತರಗತಿಯ ಸೋದರಳಿಯ, ಇನ್ನೂ ಮಗ್ಗಿ ಕಲಿಯುತ್ತಿರುವ ನನ್ನ ಮಗಳು. ಈ ನಾಲ್ವರನ್ನು ಚದುರಂಗದ ಮುಂದೆ ಕೂರಿಸಿದರೆ ಫಲಿತಾಂಶ ಮೊದಲೇ ಗೊತ್ತು. ಬ್ರಾಸ್‌ನ ಪೆಟ್ಟಿಗೆ ತೆಗೆದು ಕಾಲುವೆ, ರೈಲು, ಕಬ್ಬಿಣ, ಕಲ್ಲಿದ್ದಲು ಎಂದು ವಿವರಿಸುವಷ್ಟರಲ್ಲಿ ಅಮ್ಮ ಒಲೆಯ ಮೇಲೆ ಏನೋ ಇದೆ ಎಂದು ಎದ್ದಿರುತ್ತಾರೆ. ಜಗಲಿಯ ಕೆಂಪು ಗಾರೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದರೆ ಮಾತ್ರ ಐವರೂ ಕೂರುತ್ತಾರೆ. ಆಡುವವರು ನಾಲ್ವರೇ ಆದರೂ ಐದನೆಯವರಿಗೆ ಪಕ್ಕದಲ್ಲಿ ಕುಳಿತು ತಪ್ಪು ಸಲಹೆ ಕೊಡುವ ಅಧಿಕಾರ ಇದ್ದೇ ಇದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಚಿಕ್ಕಮ್ಮ ಕವಡೆ ಬಿದ್ದ ಸದ್ದಿನಲ್ಲೇ ಗರ ಎಷ್ಟು ಎಂದು ಹೇಳುತ್ತಾರೆ, ನಾವು ಎಣಿಸಿ ನೋಡಿದರೆ ಹೆಚ್ಚು ಸಲ ಸರಿಯೇ ಇರುತ್ತದೆ.

ಹಾಗಾಗಿ ನನ್ನ ವಾದ ಇಷ್ಟು. ಸಮಬಲರಲ್ಲದವರು ಒಂದೇ ಹಾಸಿನ ಸುತ್ತ ಕೂರಬೇಕಾದರೆ ಆಟದಲ್ಲಿ ಸ್ವಲ್ಪ ಅದೃಷ್ಟ ಇರಲೇಬೇಕು. ಅದನ್ನು ನಾನು ಆಟದ ದೋಷವೆಂದು ಎಣಿಸುತ್ತಿದ್ದೆ, ಈಗ ಅದೇ ಆಟದ ಯೋಗ್ಯತೆ ಎನ್ನುತ್ತೇನೆ. ಒಪ್ಪದವರು ಬನ್ನಿ. ನಿಮ್ಮ ಪಟ್ಟಿಯನ್ನೂ ಹಾಕಿ, ಹಿಂದೆ ಏನಿತ್ತು ಎಂಬುದನ್ನೂ ಬರೆಯಿರಿ. ಬರಿಯ ಇಂದಿನ ಪಟ್ಟಿ ಓದುವುದರಲ್ಲಿ ರುಚಿ ಇಲ್ಲ.

ಕುದುರೆ ನಡೆ, ಚಿಕ್ಕಮಗಳೂರು

ಒಪ್ಪದವನು ಬಂದಿದ್ದೇನೆ. ಚದುರಂಗಕ್ಕೆ ಆರನೇ ಸ್ಥಾನ, ಅದೂ ಕ್ಯಾರಂಗಿಂತ ಕೆಳಗೆ!

ನಾನು ಮಕ್ಕಳಿಗೆ ಚದುರಂಗ ಹೇಳಿಕೊಡುವವನು, ಆದ್ದರಿಂದ ಪಕ್ಷಪಾತ ಇದೆ ಎಂದೇ ಇಟ್ಟುಕೊಳ್ಳಿ. ಆದರೆ ಸಮಬಲರಲ್ಲದವರು ಕೂರುವುದಕ್ಕೆ ಅದೃಷ್ಟವೇ ಬೇಕೆಂಬುದು ಸರಿಯಲ್ಲ. ಬಲಶಾಲಿಯ ಕಾಯಿ ತೆಗೆದು ಆಡುವ ಪದ್ಧತಿ ಯುರೋಪಿನ ಕಾಫಿ ಅಂಗಡಿಗಳಲ್ಲಿ 18, 19ನೇ ಶತಮಾನದಲ್ಲಿ ಸರ್ವೇಸಾಮಾನ್ಯವಾಗಿತ್ತು. ಒಂದು ಕಾಲಾಳು ಬಿಟ್ಟುಕೊಡಿ, ಕುದುರೆ ಬಿಟ್ಟುಕೊಡಿ, ಮಗಳ ಜೊತೆಗಾದರೆ ಮಂತ್ರಿಯನ್ನೇ ಬಿಟ್ಟುಕೊಡಿ. ಗಡಿಯಾರ ಇದ್ದರೆ ಇನ್ನೂ ಸುಲಭ: ಅವಳಿಗೆ 10 ನಿಮಿಷ, ನಿಮಗೆ 1 ನಿಮಿಷ. ಕಪ್ಪು ಬಿಳಿ ಕಲ್ಲುಗಳಿಂದ ಆಡುವ ಗೋ ಆಟದಲ್ಲಂತೂ ದುರ್ಬಲ ಆಟಗಾರನಿಗೆ 2ರಿಂದ 9 ಕಲ್ಲುಗಳನ್ನು ಮೊದಲೇ ಇಡಲು ಬಿಡುವುದು ಆಟದ ಭಾಗವೇ ಆಗಿದೆ, ಯಾರೂ ಅದನ್ನು ಅವಮಾನವೆಂದು ತಿಳಿಯುವುದಿಲ್ಲ.

ಬಲ ಎಷ್ಟು ಹೆಚ್ಚು ಕಡಿಮೆ ಎಂಬುದನ್ನು ಅಳೆಯಲು ಎಲೋ ರೇಟಿಂಗ್ ಇದೆ. ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದ್ದು, ವಿಶ್ವ ಚದುರಂಗ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ಲೆಕ್ಕದಲ್ಲಿ ಇಬ್ಬರ ನಡುವೆ 400 ಅಂಕಗಳ ಅಂತರ ಇದ್ದರೆ ಆಟಗಳಿಂದ ಬರುವ ಅಂಕದಲ್ಲಿ ಬಲಶಾಲಿಗೆ ನೂರಕ್ಕೆ ಸುಮಾರು 91 ಪಾಲು. ಉಳಿದ 9ರಲ್ಲೇ ಚಿಕ್ಕವರ ಖುಷಿ ಇರುವುದು. ಕವಡೆ ಕೊಟ್ಟ ಗೆಲುವನ್ನು ಮಗು ಮರುದಿನ ಮರೆತುಬಿಡುತ್ತದೆ. ತಾನೇ ಯೋಚಿಸಿ ಅಪ್ಪನ ಆನೆಯನ್ನು ಕಟ್ಟಿಹಾಕಿದ್ದನ್ನು ಮದುವೆಯಾಗುವವರೆಗೂ ಹೇಳುತ್ತದೆ.

ನನ್ನ ಪಟ್ಟಿ: ಚದುರಂಗ, ಗೋ, ಸಾಲುಮನೆ. ಹಿಂದೆಯೂ ಇದೇ ಇತ್ತು. ಬದಲಾಗುವುದೇ ಅಭಿರುಚಿಯ ಲಕ್ಷಣ ಎಂದು ಯಾರು ಹೇಳಿದರು?

ಸ್ಟ್ರೈಕರ್, ಹಾಸನ

ಕ್ಯಾರಂ ಬೋರ್ಡ್ ಆಟವೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತಿಬಿಡುತ್ತೇನೆ. ಅದು ಬೆರಳಿನ ಆಟ, ಬಿಲಿಯರ್ಡ್ಸ್ ಜಾತಿಯದು. ಬೋರ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಬೋರ್ಡ್ ಆಟದ ಪಟ್ಟಿಗೆ ಸೇರಿಸಿದರೆ ಚಪಾತಿ ಮಣೆಯೂ ಬರಬೇಕಾಗುತ್ತದೆ.

ಹೀಗೆಂದು ಹೇಳಿದ ಮೇಲೂ ನನ್ನ ಪಟ್ಟಿಯಲ್ಲಿ ಕ್ಯಾರಂ ಒಂದನೆಯದು, ಎರಡು ಮೂರು ಖಾಲಿ, ನಾಲ್ಕನೆಯದು ಉಳಿದೆಲ್ಲವೂ.

ತೋಟದ ಮನೆ, ಸಕಲೇಶಪುರ

ಸ್ಟ್ರೈಕರ್ ಅವರೇ, ಜುಲೈಯಲ್ಲಿ ಈ ಕಡೆ ಬನ್ನಿ, ನಿಮ್ಮ ಒಂದನೇ ಸ್ಥಾನ ಏನಾಗುತ್ತದೆ ನೋಡೋಣ. ಬೋರಿಕ್ ಪುಡಿ ಡಬ್ಬಿಯಲ್ಲೇ ಗಂಟು ಕಟ್ಟಿರುತ್ತದೆ. ಪ್ಲೈವುಡ್ ನಡುವೆ ಉಬ್ಬಿ, ಮೆಲ್ಲಗೆ ಹೊಡೆದ ಕಾಯಿ ತಾನಾಗಿಯೇ ಮೂಲೆಯ ಕಡೆ ಹೊರಳುತ್ತದೆ. ನನ್ನ ಪಟ್ಟಿಯಲ್ಲಿ ಕ್ಯಾರಂ ನಾಲ್ಕನೆಯದಾಗಿರುವುದು ಡಿಸೆಂಬರ್‌ನಿಂದ ಮೇ ತನಕದ ಸರಾಸರಿ. ಮಳೆಗಾಲದ ಪಟ್ಟಿ ಹಾಕಿದರೆ ಅದು ಕೊನೆಗೆ ಹೋಗುತ್ತದೆ.

ಕಾರ್ಕಾಸೋನ್‌ನ ರಟ್ಟಿನ ತುಂಡುಗಳದ್ದೂ ಇದೇ ಪಾಡು. ಒಟ್ಟು 72 ತುಂಡುಗಳಲ್ಲಿ ಬಾಗಿದವು ಯಾವುವು ಎಂದು ನನಗೆ ಮುಟ್ಟಿದರೆ ಗೊತ್ತಾಗುತ್ತದೆ, ಅಂದರೆ ಚೀಲಕ್ಕೆ ಕೈ ಹಾಕಿದಾಗ ಮೋಸ ಮಾಡಬಹುದು. ಸೋದರಳಿಯ ಅದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದ.

ಗಣಿತದ ಮೇಷ್ಟ್ರು, ಹಾಸನ

ಚೌಕಾಬಾರವನ್ನು ಅದೃಷ್ಟದ ಆಟ ಎಂದು ಎರಡೂ ಪಕ್ಷದವರು ಸುಲಭವಾಗಿ ಒಪ್ಪಿಕೊಂಡಿರಿ. ಸ್ವಲ್ಪ ಲೆಕ್ಕ ಹಾಕೋಣ.

ನಾಲ್ಕು ಕವಡೆ. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಗರ, ನಾಲ್ಕೂ ಮೇಲಾದರೆ ಚೌಕ ಅಂದರೆ 4, ನಾಲ್ಕೂ ಮಗುಚಿದರೆ ಬಾರ ಅಂದರೆ 8. ಪ್ರತಿ ಕವಡೆಯೂ ಎರಡು ಬದಿಗೆ ಸಮವಾಗಿ ಬೀಳುತ್ತದೆ ಎಂದುಕೊಂಡರೆ ಒಟ್ಟು 16 ಸಾಧ್ಯತೆಗಳು. ಅವುಗಳಲ್ಲಿ 2 ಬೀಳುವುದು ಆರು, 1 ಬೀಳುವುದು ನಾಲ್ಕು, 3 ಬೀಳುವುದು ನಾಲ್ಕು, ಚೌಕ ಒಂದು, ಬಾರ ಒಂದು. ಐದು, ಆರು, ಏಳು ಎಂಬ ಗರಗಳೇ ಇಲ್ಲ.

ಇದರಿಂದ ಏನಾಯಿತು? ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಹೊಡೆಸಿಕೊಳ್ಳುವ ಭಯ ನೂರಕ್ಕೆ 37.5. ಐದು, ಆರು, ಏಳು ಮನೆ ಮುಂದೆ ನಿಂತರೆ ಒಂದೇ ಗರದಲ್ಲಿ ಹೊಡೆಯಲಾಗದು. ಮೊದಲು ಚೌಕ ಬಿದ್ದು, ಸಿಕ್ಕ ಮರುಗರದಲ್ಲಿ ಸರಿಯಾದ ಸಂಖ್ಯೆಯೂ ಬೀಳಬೇಕು. ಐದು ಮನೆ ದೂರಕ್ಕೆ ಆ ಸಾಧ್ಯತೆ 64ರಲ್ಲಿ ಒಂದು. ನಮ್ಮ ಅಜ್ಜಿಯರು ಭಿನ್ನರಾಶಿ ಕಲಿತವರಲ್ಲ, ಆದರೂ ಹೊಡೆಯಲಾಗದ ಮನೆಯಾದ ಕಟ್ಟೆ ಸಿಗದಿದ್ದಾಗ ಕಾಯಿಯನ್ನು ಐದೋ ಆರೋ ಮನೆ ದೂರ ತಂದು ನಿಲ್ಲಿಸುತ್ತಿದ್ದರು. ಅದು ಲೆಕ್ಕವಲ್ಲದೆ ಇನ್ನೇನು?

ಇನ್ನೊಂದು ಮಾತು. ಕವಡೆ ನಾಣ್ಯವಲ್ಲ. ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ, ಎರಡು ಬದಿಯೂ ಸಮವಾಗಿ ಬೀಳಬೇಕೆಂದೇನಿಲ್ಲ. ಬಾಯಿ ಮೇಲಾಗುವ ಸಾಧ್ಯತೆ ಶೇ 50ರ ಬದಲು 40 ಎಂದಿಟ್ಟುಕೊಳ್ಳಿ: ಆಗ ಬಾರ ಬೀಳುವುದು ನೂರಕ್ಕೆ 13ರ ಹತ್ತಿರ, ಚೌಕ ಬೀಳುವುದು 3ಕ್ಕೂ ಕಡಿಮೆ. ಅಂದರೆ ಯಾವ ಕವಡೆಗಳಿಂದ ಆಡುತ್ತೀರಿ ಎಂಬುದರ ಮೇಲೆ ಆಟದ ಸ್ವಭಾವವೇ ಬದಲಾಗುತ್ತದೆ. ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡಿಕೊಂಡು ಆಡುವವರ ಲೆಕ್ಕ ಇನ್ನೂ ಬೇರೆ. ಮನೆಯ ಒಂದು ಕವಡೆಯನ್ನು ಮಕ್ಕಳ ಕೈಗೆ ಕೊಟ್ಟು ನೂರು ಸಲ ಹಾಕಿಸಿ, ಸಂಭವನೀಯತೆಯ ಪಾಠ ಅರ್ಧ ಮುಗಿದ ಹಾಗೆ.

ಪಟ್ಟಿ ಕೇಳಿದ್ದೀರಿ. ಚೌಕಾಬಾರ, ಸಾಲುಮನೆ, ಸ್ಕ್ರ್ಯಾಬಲ್. ಮೂವತ್ತರ ಹರೆಯದಲ್ಲಿ ಇದು ತಲೆಕೆಳಗಾಗಿತ್ತು.

ಅರಸೀಕೆರೆ ಜಂಕ್ಷನ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಎಳೆ ಸೇರಿಸುತ್ತೇನೆ. ಅದೃಷ್ಟ ಎಷ್ಟು ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ ಎಂಬುದು ಮುಖ್ಯ.

ಚೌಕಾಬಾರದಲ್ಲಿ ಗರ ಮೊದಲು ಬೀಳುತ್ತದೆ, ಯಾವ ಕಾಯಿ ನಡೆಸಬೇಕೆಂದು ಆಮೇಲೆ ಯೋಚಿಸುತ್ತೀರಿ. ಕಾರ್ಕಾಸೋನ್‌ನಲ್ಲೂ ಹಾಗೆಯೇ, ತುಂಡು ಕೈಗೆ ಬಂದ ಮೇಲೆ ಎಲ್ಲಿ ಇಡಬೇಕೆಂಬ ತೀರ್ಮಾನ ನಿಮ್ಮದು. ಕಟಾನ್‌ನಲ್ಲಿ ಉಲ್ಟಾ. ಊರು ಎಲ್ಲಿ ಕಟ್ಟಬೇಕೆಂದು ಮೊದಲೇ ತೀರ್ಮಾನಿಸಿರುತ್ತೀರಿ, ಎರಡು ದಾಳದ ಮೊತ್ತ ಪ್ರತಿ ಸರದಿಯಲ್ಲಿ ಆ ತೀರ್ಮಾನಕ್ಕೆ ಬೆಲೆ ಕಟ್ಟುತ್ತದೆ. 6 ಮತ್ತು 8 ಬೀಳುವ ಸಾಧ್ಯತೆ 36ರಲ್ಲಿ ತಲಾ ಐದು, 2 ಮತ್ತು 12ಕ್ಕೆ ತಲಾ ಒಂದು. ಎಲ್ಲ ಲೆಕ್ಕ ಹಾಕಿ 8ರ ಮೇಲೆ ಕುಳಿತವನಿಗೆ ಇಡೀ ಸಂಜೆ 8 ಬೀಳದೆ, 12ರ ಮೇಲೆ ಕುಳಿತ ಪಕ್ಕದವನು ಗೋಧಿ ರಾಶಿ ಹಾಕಿಕೊಂಡರೆ ಹೊಟ್ಟೆ ಉರಿಯುತ್ತದೆ. ತೋಟದ ಮನೆಯವರ ಪಟ್ಟಿಯಲ್ಲಿ ಕಟಾನ್ ಇಳಿದು ಕಾರ್ಕಾಸೋನ್ ಏರಿದ್ದಕ್ಕೆ ಇದೇ ಕಾರಣ ಇರಬೇಕು ಎಂದು ನನ್ನ ಊಹೆ.

ಅಜುಲ್ ಇನ್ನೂ ಜಾಣತನದ್ದು. ಚೀಲದಿಂದ ಬಂದ ಹೆಂಚುಗಳನ್ನು ಎಲ್ಲರ ಕಣ್ಣೆದುರು ಹರಡುತ್ತಾರೆ, ಮೂವರಿದ್ದರೆ ಏಳು ತಟ್ಟೆ, ನಾಲ್ವರಿದ್ದರೆ ಒಂಬತ್ತು. ಅಲ್ಲಿಗೆ ಆ ಸುತ್ತಿನ ಅದೃಷ್ಟ ಮುಗಿಯಿತು. ಇನ್ನು ಉಳಿದದ್ದು ಪಕ್ಕದವರಿಗೆ ಬೇಡದ ಬಣ್ಣವನ್ನು ಅಂಟಿಸುವ ಕೆಲಸ. ನಮ್ಮ ಮನೆಯಲ್ಲಿ ಅತ್ತಿಗೆ ಅದರಲ್ಲಿ ನಿಸ್ಸೀಮರು.

ಜರ್ಮನಿಯಲ್ಲಿ 1979ರಿಂದ ವರ್ಷದ ಆಟ ಎಂಬ ಪ್ರಶಸ್ತಿ ಕೊಡುತ್ತಾ ಬಂದಿದ್ದಾರೆ. ಕಟಾನ್‌ಗೆ 1995ರಲ್ಲಿ, ಕಾರ್ಕಾಸೋನ್‌ಗೆ 2001ರಲ್ಲಿ, ಅಜುಲ್‌ಗೆ 2018ರಲ್ಲಿ ಬಂತು. ಈ ಮೂರನ್ನು ಇದೇ ಕ್ರಮದಲ್ಲಿ ಆಡಿ ನೋಡಿ, ಬರಬರುತ್ತಾ ನಿಯಮ ಚಿಕ್ಕದಾಗಿ ಆಟ ಚುರುಕಾದಂತೆ ನನಗೆ ಕಾಣುತ್ತದೆ.

ನನ್ನ ಪಟ್ಟಿ: ವಿಂಗ್‌ಸ್ಪ್ಯಾನ್, ಅಜುಲ್, ಕಾರ್ಕಾಸೋನ್, ಕೋಡ್‌ನೇಮ್ಸ್. ವಿಂಗ್‌ಸ್ಪ್ಯಾನ್ ಎಲಿಜಬೆತ್ ಹಾರ್‌ಗ್ರೇವ್ 2019ರಲ್ಲಿ ಹೊರತಂದ ಹಕ್ಕಿಗಳ ಆಟ. ಮೊದಲೆಲ್ಲ ಯುದ್ಧದ ಆಟಗಳೇ ನನ್ನ ಮೆಚ್ಚಿನವು. ಹಕ್ಕಿ ಮೊಟ್ಟೆ ಇಡುವುದನ್ನು ನೋಡುತ್ತಾ ಖುಷಿಪಡುವ ಕಾಲ ಇಷ್ಟು ಬೇಗ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಘಟ್ಟದ ಮೇಲೆ, ಮೂಡಿಗೆರೆ

ನನ್ನ ತವರು ಘಟ್ಟದ ಕೆಳಗೆ. ಅಲ್ಲಿ ಆಟಿ ತಿಂಗಳು ಬಂತೆಂದರೆ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ನಿಮ್ಮ ಕಡೆಯ ಅಳಗುಳಿಮಣೆಯೇ, ಹದಿನಾಲ್ಕು ಗುಳಿ. ನಾವು ಗುಳಿಗೆ ನಾಲ್ಕರಂತೆ 56 ಕಾಯಿ ಹಾಕುತ್ತಿದ್ದೆವು. ಇಲ್ಲಿ ಅತ್ತೆಯ ಮನೆಯಲ್ಲಿ ಗುಳಿಗೆ ಐದು, ಒಟ್ಟು 70.

ಇಷ್ಟು ಹೊತ್ತು ಗಂಡಸರೆಲ್ಲ ಸೇರಿ ಅದೃಷ್ಟದ ಬಗ್ಗೆ ಮಾತಾಡಿದಿರಿ, ಯಾರ ಪಟ್ಟಿಯಲ್ಲೂ ಮಣೆ ಕಾಣಲಿಲ್ಲ. ಈಗ ತೋಟದ ಮನೆಯವರಿಗೆ ನನ್ನ ಪ್ರಶ್ನೆ. ಮಣೆಯ ಆಟದಲ್ಲಿ ಕವಡೆಯೂ ಇಲ್ಲ, ದಾಳವೂ ಇಲ್ಲ. ಎಲ್ಲ ಕಾಯಿಯೂ ಕಣ್ಣೆದುರಿಗೇ ಇರುತ್ತವೆ. ನಿಮ್ಮ ಮಾತಿನ ಪ್ರಕಾರ ಇದು ಚದುರಂಗದಂತೆ ಸಮಬಲರ ಆಟವಾಗಬೇಕಿತ್ತು. ಆದರೆ ಎಪ್ಪತ್ತು ದಾಟಿದ ಅಜ್ಜಿಯೂ ಐದನೇ ತರಗತಿಯ ನಾನೂ ಎದುರುಬದುರು ಕುಳಿತು ಆಡುತ್ತಿದ್ದೆವು, ನಾನೂ ಗೆಲ್ಲುತ್ತಿದ್ದೆ. ಅಜ್ಜಿ ಸೋತು ಕೊಡುವ ಪೈಕಿ ಅಲ್ಲ. ಸೋತರೆ ಊಟದ ತನಕ ಮಾತು ಬಿಡುತ್ತಿದ್ದರು.

ನನಗನಿಸುವುದೇನೆಂದರೆ, ಒಂದು ಗುಳಿಯ ಕಾಯಿ ಎತ್ತಿ ಹಂಚುತ್ತಾ ಹೋದರೆ, ಕೈ ಖಾಲಿಯಾದ ಕೂಡಲೇ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚಬೇಕು. ಅದು ಖಾಲಿ ಗುಳಿ ಎದುರಾಗುವವರೆಗೂ ನಡೆಯುತ್ತದೆ. ಎರಡು ಸುತ್ತು ಹೋದ ಮೇಲೆ ಎಲ್ಲಿ ನಿಲ್ಲುತ್ತದೆಂದು ಮನಸ್ಸಿನಲ್ಲೇ ಹಿಡಿದಿಡುವುದು ಸಾಮಾನ್ಯರಿಗೆ ಆಗದ ಕೆಲಸ. ಗುಟ್ಟು ಯಾವುದೂ ಇಲ್ಲ, ಆದರೂ ಮುಂದೇನಾಗುತ್ತದೆಂದು ತಿಳಿಯದು. ಆಡುವವರ ತಲೆ ಸೋಲುವ ಜಾಗದಲ್ಲಿ ತಾನಾಗಿಯೇ ಅದೃಷ್ಟ ಹುಟ್ಟಿಕೊಳ್ಳುತ್ತದೆ, ಬೇರೆ ತಂದು ಹಾಕಬೇಕಿಲ್ಲ.

ನನ್ನ ಪಟ್ಟಿಯಲ್ಲಿ ಮಣೆ ಮೊದಲನೆಯದು. ನಡುವೆ ಕೆಲವು ವರ್ಷ ಅದನ್ನು ಮುಟ್ಟಿರಲಿಲ್ಲ, ಹೈಸ್ಕೂಲಿನ ಹುಡುಗಿಗೆ ಅದು ಅಜ್ಜಿಯಂದಿರ ಆಟವೆನಿಸಿ ನಾಚಿಕೆಯಾಗುತ್ತಿತ್ತು. ಆಗಿನ ಮೆಚ್ಚಿನದು ವ್ಯಾಪಾರದ ಆಟ, ನೋಟು ಎಣಿಸುವ ಖುಷಿಗೆ.

ಕುದುರೆ ನಡೆ, ಚಿಕ್ಕಮಗಳೂರು

ಅಕ್ಕ, ನಿಮ್ಮ ಮಾತು ನನ್ನ ಪಕ್ಷಕ್ಕೆ ಬಲ ಕೊಟ್ಟಿತು. ಚದುರಂಗದಲ್ಲೂ ತಲೆ ಸೋಲುವ ಜಾಗ ಇದ್ದೇ ಇದೆ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದದ್ದು ಹೇಗೆ? 14ನೇ ಆಟ, ಸಮವಾಗಿದ್ದ ಸ್ಥಿತಿ, ಡ್ರಾ ಆಗುತ್ತದೆಂದು ಎಲ್ಲರೂ ಕುಳಿತಿದ್ದಾಗ ಡಿಂಗ್ ಲಿರೆನ್ ಆನೆಯನ್ನು ಇಡಬಾರದ ಮನೆಗೆ ಇಟ್ಟರು. ಕವಡೆ ಹಾಕದೆಯೂ ಆಟ ಕೈಬದಲಾಯಿಸಿತು.

ತೋಟದ ಮನೆ, ಸಕಲೇಶಪುರ

ಮೂಡಿಗೆರೆಯ ಅಕ್ಕನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ, ಸುಲಭವಾಗಿ ಸಿಗುತ್ತಿಲ್ಲ. ನನ್ನ ವಾದವನ್ನು ಸ್ವಲ್ಪ ಅಗಲ ಮಾಡಿಕೊಳ್ಳುತ್ತೇನೆ: ಆಟದ ಕೊನೆ ಯಾರಿಗೂ ಮೊದಲೇ ಕಾಣಬಾರದು. ಕವಡೆಯಿಂದಲೋ ಗುಳಿಯ ಸುತ್ತಿನಿಂದಲೋ, ಹೇಗಾದರೂ ಸರಿ.

ಆದರೆ ಕುದುರೆ ನಡೆಯವರೇ, ಗುಕೇಶ್ ಮತ್ತು ಡಿಂಗ್ ಇಬ್ಬರೂ ಶಿಖರದಲ್ಲಿರುವವರು. ಅವರ ನಡುವೆ ಹಾಗಾಗುತ್ತದೆ. ನನ್ನ ಮತ್ತು ಅಮ್ಮನ ನಡುವೆ ಆಗುವುದಿಲ್ಲ. ಮಂತ್ರಿ ತೆಗೆದು ಆಡಿಯೂ ನೋಡಿದೆ. ಅಮ್ಮ ಎರಡು ನಡೆ ಆದ ಮೇಲೆ ಮಂತ್ರಿಯನ್ನು ಪೆಟ್ಟಿಗೆಯಿಂದ ತೆಗೆದು ವಾಪಸು ಅದರ ಮನೆಯಲ್ಲಿಟ್ಟು, ನನಗೆ ನಿನ್ನ ಧರ್ಮ ಬೇಡ ಎಂದರು. ರಿಯಾಯಿತಿ ಕೊಡುವುದು ಕಾಣಿಸುತ್ತದೆ. ಕವಡೆ ಕೊಡುವುದು ಕಾಣಿಸುವುದಿಲ್ಲ.

ಅರಸೀಕೆರೆಯವರ ಊಹೆ ಸರಿ. ಕಟಾನ್‌ನಲ್ಲಿ ನನಗೆ ಬೇಸರ ತರಿಸಿದ್ದು ಅದೇ. ಚೌಕಾಸಿಯ ಭಾಗ ಮಾತ್ರ ಈಗಲೂ ಇಷ್ಟ. ಕಾಫಿ ದರ ನೋಡಿಕೊಂಡು ಬೆಳಗಾಗುವ ಮನೆಯಲ್ಲಿ ಎರಡು ಕುರಿಗೆ ಒಂದು ಇಟ್ಟಿಗೆ ಎಂಬ ಮಾತುಕತೆ ಬಲು ಜೋರಾಗಿ ನಡೆಯುತ್ತದೆ.

ಬ್ರಾಸ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಅದು ಉತ್ತಮ ಆಟ ಎಂಬುದರಲ್ಲಿ ಎರಡು ಮಾತಿಲ್ಲ. ಇಂದಿಗೂ ಯಾರಾದರೂ ಅದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಆದರೆ ಕೊಯ್ಲು ಶುರುವಾದರೆ ಸಂಜೆಗೆ ಕಾಫಿ ಹಣ್ಣು ಅಳೆಯುವುದು, ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವುದು, ಬಟವಾಡೆ ಬರೆಯುವುದು ಮುಗಿದು ಉಳಿಯುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಬ್ರಾಸ್‌ನ ಕಾಲುವೆ ಯುಗವೂ ಮುಗಿಯುವುದಿಲ್ಲ, ರೈಲು ಯುಗದ ಮಾತಂತೂ ದೂರ. ಮೆಚ್ಚುವ ಪಟ್ಟಿ ಬೇರೆ, ಆಡುವ ಪಟ್ಟಿ ಬೇರೆ ಎಂದು ಇಟ್ಟುಕೊಳ್ಳಬೇಕೇನೋ. ನಾನು ಇಲ್ಲಿ ಕೊಟ್ಟದ್ದು ಎರಡನೆಯದು.

ಅರಸೀಕೆರೆ ಜಂಕ್ಷನ್

ಅಂಕದ ಮಾತು ಬಂದದ್ದರಿಂದ ಹೇಳುತ್ತೇನೆ. ಬೋರ್ಡ್‌ಗೇಮ್‌ಗೀಕ್ ಎಂಬ ತಾಣದಲ್ಲಿ ಜನರು ಹತ್ತಕ್ಕೆ ಅಂಕ ಕೊಡುತ್ತಾರೆ. ಆದರೆ ಶ್ರೇಯಾಂಕವನ್ನು ನೇರ ಸರಾಸರಿಯಿಂದ ಲೆಕ್ಕ ಹಾಕುವುದಿಲ್ಲ. ಪ್ರತಿ ಆಟಕ್ಕೂ ಮಧ್ಯಮ ಅಂಕದ ಒಂದಿಷ್ಟು ಕಲ್ಪಿತ ಮತಗಳನ್ನು ಸೇರಿಸಿ ಆಮೇಲೆ ಸರಾಸರಿ ತೆಗೆಯುತ್ತಾರೆ. ಇಲ್ಲವಾದರೆ ನಿನ್ನೆ ಬಂದ ಆಟಕ್ಕೆ ಹತ್ತು ಜನ ಗೆಳೆಯರು ಹತ್ತಕ್ಕೆ ಹತ್ತು ಕೊಟ್ಟರೆ ಅದೇ ಜಗತ್ತಿನ ಮೊದಲ ಆಟವಾಗಿಬಿಡುತ್ತದೆ. ಅಲ್ಲಿ ಬ್ರಾಸ್ ಬರ್ಮಿಂಗ್‌ಹ್ಯಾಮ್ ಮೊದಲ ಸ್ಥಾನಕ್ಕೇರಿದೆ, ಚದುರಂಗ ಮೊದಲ ನೂರರೊಳಗೂ ಇಲ್ಲ. ಕುದುರೆ ನಡೆಯವರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಆ ತಾಣಕ್ಕೆ ಹೋಗಿ ಅಂಕ ಹಾಕುವವರು ಯಾರು? ಹೊಸ ಆಟ ಕೊಳ್ಳುವವರು. ಸೀಮೆಸುಣ್ಣದಲ್ಲಿ ಮನೆ ಬರೆದು ಆಡುವವರು ಅಂಕ ಕೊಡಲು ಎಲ್ಲಿಗೂ ಹೋಗುವುದಿಲ್ಲ.

ಕಡೂರು ಕವಡೆ

ಎಲ್ಲ ಸರಿ, ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ತೋಟದ ಮನೆಯವರು ಆಡುವ ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ, ಹೋಗಬಾರದೋ? ಇದು ಗೊತ್ತಾಗದೆ ಅದಕ್ಕೆ ಮೊದಲ ಸ್ಥಾನ ಕೊಟ್ಟದ್ದು ಸರಿಯೋ ತಪ್ಪೋ ಹೇಳಲಾಗದು.

ತೋಟದ ಮನೆ, ಸಕಲೇಶಪುರ

ಹೋಗಬಾರದು. ಹೊಡೆಯದವನ ಕಾಯಿ ಹೊರಗಿನ 16 ಮನೆಗಳನ್ನೇ ಸುತ್ತುತ್ತಿರಬೇಕು.

ಕಡೂರು ಕವಡೆ

ಹಾಗಾದರೆ ಸರಿ. ಹೊಡೆಯದೆ ಕಾಯಿಯನ್ನು ನಡುಮನೆ ಸೇರಿಸಿ ಹಣ್ಣು ಮಾಡಬಹುದು ಎನ್ನುವವರ ಜೊತೆ ನಾನು ಕೂರುವುದಿಲ್ಲ. ಆ ನಿಯಮ ತೆಗೆದರೆ 24 ಹೆಜ್ಜೆ ತೆಪ್ಪಗೆ ನಡೆದು ನಡುಮನೆ ಸೇರುವ ಓಟದ ಪಂದ್ಯವಾಗುತ್ತದೆ ಅಷ್ಟೆ. ಮೇಷ್ಟ್ರು ಹೇಳಿದ ಐದು ಮನೆಯ ಲೆಕ್ಕಕ್ಕೆ ಬೆಲೆ ಬರುವುದೇ ಎದುರಿನವನಿಗೆ ಹೊಡೆಯುವ ಅಗತ್ಯ ಇದ್ದಾಗ.

ನಮ್ಮಲ್ಲಿ ಚೌಕವೋ ಬಾರವೋ ಸತತ ಮೂರು ಸಲ ಬಿದ್ದರೆ ಮೂರೂ ಗರ ಸುಟ್ಟ ಲೆಕ್ಕ. ನಿಮ್ಮಲ್ಲಿ?

ಗಣಿತದ ಮೇಷ್ಟ್ರು, ಹಾಸನ

ನಮ್ಮ ಮನೆಯಲ್ಲೂ ಸುಡುತ್ತದೆ.

ಘಟ್ಟದ ಮೇಲೆ, ಮೂಡಿಗೆರೆ

ನಮ್ಮಲ್ಲಿ ಸುಡುವುದಿಲ್ಲ. ಬಿದ್ದ ಗರವನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ?

ತೋಟದ ಮನೆ, ಸಕಲೇಶಪುರ

ಅಮ್ಮನ ಕಡೆಯವರಲ್ಲಿ ಸುಡುತ್ತದೆ, ಅಪ್ಪನ ಕಡೆಯವರಲ್ಲಿ ಇಲ್ಲ. ಯಾರ ಸರದಿಯೋ ಅವರಿಗೆ ಅನುಕೂಲವಾದ ಸಂಪ್ರದಾಯ ನೆನಪಾಗುತ್ತದೆ. ಜೋಡಿ ಕಾಯಿ ಗಟ್ಟಿಯ ವಿಷಯ ಎತ್ತಬೇಡಿ, ಅದಕ್ಕೆ ಬೇರೆ ರಾತ್ರಿಯೇ ಬೇಕು.

ಹಾವು ಏಣಿ, ಬೇಲೂರು

ತಡವಾಗಿ ಬಂದೆ. ಅದೃಷ್ಟವೇ ಯೋಗ್ಯತೆ ಎನ್ನುವುದಾದರೆ ಪಟ್ಟಿಯ ತುದಿಯಲ್ಲಿ ಹಾವು ಏಣಿ ಇರಬೇಕಲ್ಲವೇ? ವೈಕುಂಠ ಏಕಾದಶಿಯ ಜಾಗರಣೆಗೆ ನಮ್ಮ ಮನೆಯಲ್ಲಿ ಪರಮಪದ ಪಟ ಹಾಸುತ್ತಿದ್ದರು. ಮೂರು ವರ್ಷದ ಮಗುವೂ ಅಜ್ಜನೂ ಸರಿಸಮ. ನಿಮ್ಮ ತರ್ಕದಲ್ಲಿ ಇದಕ್ಕಿಂತ ದೊಡ್ಡ ಆಟ ಇಲ್ಲ. ಆದರೂ ನಿಮ್ಮ ಪಟ್ಟಿಯಲ್ಲಿ ಇಲ್ಲ. ಯಾಕೆ?

ತೋಟದ ಮನೆ, ಸಕಲೇಶಪುರ

ಚೆನ್ನಾಗಿ ಹಿಡಿದಿರಿ. ಅದರಲ್ಲಿ ತೀರ್ಮಾನ ಎಂಬುದೇ ಇಲ್ಲ. ಸೋತವನಿಗೆ ಹೀಗೆ ಆಡಬೇಕಿತ್ತು ಎಂದು ಪೇಚಾಡಲು ಏನೂ ಉಳಿಯುವುದಿಲ್ಲ. ಚೌಕಾಬಾರದಲ್ಲಿ ಸೋತ ಅಮ್ಮ ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಆ ಎರಡಕ್ಕೆ ನಾನು ಕಟ್ಟೆಯ ಕಾಯಿ ತೆಗೆಯಬಾರದಿತ್ತು ಎನ್ನುತ್ತಾರೆ. ಹಾವು ಏಣಿಯಲ್ಲಿ ಅಂಥ ಮರುದಿನ ಇಲ್ಲ. ಗೆದ್ದರೆ ಸ್ವಲ್ಪ ಹೆಮ್ಮೆಗೆ, ಸೋತರೆ ಸ್ವಲ್ಪ ನೆಪಕ್ಕೆ ಜಾಗ ಇರಬೇಕು. ಎರಡೂ ಇರುವಷ್ಟು ಅದೃಷ್ಟ ಸಾಕು.

ಮಕ್ಕಳಿಗೆ ಪುಣ್ಯ ಪಾಪ ಕಲಿಸಲು ಹಾಸಿದ ಪಟ ಎಂಬ ಗೌರವ ಅದಕ್ಕೆ ಇರಲಿ, ಆಟವಾಗಿ ಅದು ನನಗೆ ಬೇಡ.

ಗಣಿತದ ಮೇಷ್ಟ್ರು, ಹಾಸನ

ಕುದುರೆ ನಡೆಯವರ ಪಟ್ಟಿಯಲ್ಲಿ ಸಾಲುಮನೆ ಕಂಡು ಸಂತೋಷವಾಯಿತು. ಮೂರು ಚೌಕ, 24 ಬಿಂದು, ತಲಾ ಒಂಬತ್ತು ಕಾಯಿ. ಹಂಪಿಯ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೆತ್ತಿರುವುದು ನೋಡಿದವರಿಗೆ ಗೊತ್ತು. ಸಾಲುಮನೆಯನ್ನು ರಾಲ್ಫ್ ಗ್ಯಾಸರ್ ಎಂಬುವರು 1993ರಲ್ಲಿ ಕಂಪ್ಯೂಟರ್‌ನಿಂದ ಪೂರ್ತಿ ಬಿಡಿಸಿಬಿಟ್ಟಿದ್ದಾರೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ. ಅದು ತಿಳಿದ ಮೇಲೂ ನನ್ನ ಪಟ್ಟಿಯಲ್ಲಿ ಅದು ಕದಲಿಲ್ಲ. ತಪ್ಪಿಲ್ಲದೆ ಆಡುವವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ?

ಅಂದಹಾಗೆ ದೊಡ್ಡ ದೊಡ್ಡ ನಿಯಮಗಳ ಆಟಕ್ಕೆ ಮರುಳಾಗುವುದು ಬೆಂಗಳೂರಿನ ಕಚೇರಿಯವರಿಗೆ ಮಾತ್ರ ಬಂದ ಕಾಯಿಲೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟದ ಹುಚ್ಚು ಎಷ್ಟಿತ್ತೆಂದರೆ ಅವರ ಗ್ರಂಥ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆಟಗಳದ್ದೇ ದರ್ಬಾರು. ಅವರು ರೂಪಿಸಿದ, ಇಸ್ಪೀಟಿನಂಥ ಗಂಜೀಫಾ ಆಟಗಳಲ್ಲಿ ಚಾಮುಂಡೇಶ್ವರಿ ಛದ ಎಂಬುದಕ್ಕೆ 320 ಎಲೆಗಳು. ಅದನ್ನು ಕಲೆಸುವುದಕ್ಕೇ ಒಬ್ಬ ಆಳು ಬೇಕಾಗಿತ್ತೋ ಏನೋ. ಕವಡೆ ಮಾತ್ರ ಅಂದೂ ನಾಲ್ಕೇ, ಇಂದೂ ನಾಲ್ಕೇ.

ಸ್ಟ್ರೈಕರ್, ಹಾಸನ

ಯಾರೂ ಹುಲಿ-ಕುರಿ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಮೂರು ಹುಲಿ, ಹದಿನೈದು ಕುರಿ. ಕುರಿ ಹಾರುವಂತಿಲ್ಲ, ಹುಲಿ ಕುರಿಯ ಮೇಲೆ ಹಾರಿ ತಿನ್ನಬಹುದು. ಎರಡು ಪಕ್ಷಕ್ಕೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. ಸಮಬಲರಲ್ಲದವರ ಮಾತಾಡುತ್ತಿದ್ದೀರಲ್ಲ, ಆಟವೇ ಸಮಬಲದ್ದಲ್ಲ. ಚಿಕ್ಕಂದಿನಲ್ಲಿ ಎಲ್ಲರಿಗೂ ಹುಲಿಯೇ ಬೇಕು. ಈಗ ಕೇಳಿದರೆ ನಾನು ಕುರಿ ಆರಿಸಿಕೊಳ್ಳುತ್ತೇನೆ. ಒಂದೊಂದೇ ಕುರಿ ಇಟ್ಟು, ಹಿಂದೆ ಖಾಲಿ ಬಿಂದು ಬಿಡದೆ ಜೋಡಿಸಿ, ಹುಲಿಗೆ ಉಸಿರು ಕಟ್ಟಿಸುವುದರಲ್ಲಿ ಇರುವ ಮಜಾ ಹಾರಿ ತಿನ್ನುವುದರಲ್ಲಿ ಇಲ್ಲ. ಒಂದೇ ಆಟದೊಳಗೆ ನನ್ನ ರುಚಿ ಬದಲಾದದ್ದು ಇದೊಂದರಲ್ಲೇ.

ಸರಿ, ನನ್ನ ಪಟ್ಟಿಯ ಎರಡನೇ ಸ್ಥಾನ ಇನ್ನು ಖಾಲಿ ಇಲ್ಲ.

ಅರಸೀಕೆರೆ ಜಂಕ್ಷನ್

ಅಣ್ಣ, ನಾನು ಇನ್ನೂ ಹುಲಿಯ ಕಡೆಯೇ. ಯುದ್ಧದ ಆಟ ಬಿಟ್ಟರೂ ಅದು ಪೂರ್ತಿ ಬಿಟ್ಟಿಲ್ಲ ಎಂದು ಕಾಣುತ್ತದೆ.

ಕುದುರೆ ನಡೆ, ಚಿಕ್ಕಮಗಳೂರು

ತೋಟದ ಮನೆಯವರ ತಾಯಿಯವರು ಮಂತ್ರಿಯನ್ನು ವಾಪಸಿಟ್ಟ ವಿಷಯ ಓದಿ ನಕ್ಕೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ರಿಯಾಯಿತಿ ಕಾಣಿಸುತ್ತದೆ ಎಂಬ ಮಾತಿಗೆ ನನ್ನಲ್ಲಿ ಉತ್ತರ ಇದೆ: ಗಡಿಯಾರ. ಕಾಯಿ ಎಲ್ಲ ಸ್ಥಾನದಲ್ಲೇ ಇರುತ್ತವೆ, ನಿಮಗೆ ಸಮಯ ಮಾತ್ರ ಕಡಿಮೆ. ಅವಸರದಲ್ಲಿ ನೀವೇ ಕುದುರೆ ಕಳೆದುಕೊಳ್ಳುತ್ತೀರಿ. ಅದನ್ನು ಧರ್ಮ ಎಂದು ಯಾರೂ ಹೇಳುವುದಿಲ್ಲ. ಒಮ್ಮೆ ಆಡಿ ನೋಡಿ.

ಚದುರಂಗ ಮಾತ್ರ ಆರರಿಂದ ಮೇಲೇರಲೇಬೇಕು. ಕ್ಯಾರಂಗಿಂತ ಕೆಳಗೆ ಎಂಬುದನ್ನು ನಾನು ಒಪ್ಪುವುದಿಲ್ಲ.

ತೋಟದ ಮನೆ, ಸಕಲೇಶಪುರ

ಗಡಿಯಾರದ ಉಪಾಯ ಅಮ್ಮನಿಗೆ ಹೇಳಿದೆ. ನಿನಗೆ ಒಂದು ನಿಮಿಷ, ನನಗೆ ಎಷ್ಟು ಬೇಕೋ ಅಷ್ಟು ಎಂದು ಷರತ್ತು ಹಾಕಿದ್ದಾರೆ. ಒಪ್ಪಿದ್ದೇನೆ.

ತಿದ್ದಿದ ಪಟ್ಟಿ: ಚೌಕಾಬಾರ, ಕಾರ್ಕಾಸೋನ್, ಅಜುಲ್, ಹುಲಿ-ಕುರಿ, ಅಳಗುಳಿಮಣೆ, ಚದುರಂಗ, ಕಟಾನ್. ಕ್ಯಾರಂ ಮಳೆ ನಿಲ್ಲುವವರೆಗೆ ಹೊರಗೆ. ಕುದುರೆ ನಡೆಯವರೇ, ಚದುರಂಗ ಆರರಲ್ಲೇ ಇದೆ, ಆದರೆ ಕ್ಯಾರಂಗಿಂತ ಮೇಲೆ ಬಂತು.